ಮಂಗಳವಾರದ ಜಿರಾಫೆ

ನಮ್ಮ ದೊಡ್ಡಪ್ಪನನ್ನು ಕೇಳದೆ ಮೈಸೂರಿನಲ್ಲಿ ಯಾರೂ ಒಂದು ಕಲ್ಲನ್ನೂ ಎತ್ತಿಟ್ಟಿಲ್ಲ ಎಂಬುದು ನಮ್ಮ ದೊಡ್ಡಪ್ಪನ ಖಚಿತ ಅಭಿಪ್ರಾಯವಾಗಿತ್ತು. ಮಹಾರಾಜರು ಅರಮನೆ ಕಟ್ಟಿಸಿದ್ದಾಗಲಿ, ಬೆಟ್ಟದ ಮೇಲೆ ಅಷ್ಟು ದೊಡ್ಡ ಬಸವನನ್ನು ಕೆತ್ತಿಸಿದ್ದಾಗಲಿ ಏತಕ್ಕೆ ಅಂದುಕೊಂಡಿದ್ದೀರಿ? ಪಿರಿಯಾಪಟ್ಟಣದ ಕಡೆಯ ಒಬ್ಬ ಹೊಗೆಸೊಪ್ಪಿನ ಬೇಸಾಯಗಾರ ಮುಂದೊಂದು ದಿನ ತನ್ನ ನೆಂಟರಿಷ್ಟರಿಗೆ ತೋರಿಸಲಿ ಎಂದು!

ನಮ್ಮ ಮನೆತನದಲ್ಲಿ ಮದುವೆಯಾದವರು ಮನೆದೇವರಿಗೆ ಹೋಗದಿದ್ದರೂ ನಡೆಯುತ್ತಿತ್ತು, ದೊಡ್ಡಪ್ಪನ ಹಿಂದೆ ಮೈಸೂರಿಗೆ ಹೋಗದಿದ್ದರೆ ನಡೆಯುತ್ತಿರಲಿಲ್ಲ. ಹೊಸ ಜೋಡಿ, ಬೀಗರು, ಬೀಗರ ಕಡೆಯ ಇನ್ನಾರೋ ನಾಲ್ಕು ಜನ, ಎಲ್ಲರೂ ಭಾನುವಾರ ಬೆಳಗ್ಗೆ ಮೊದಲನೇ ಬಸ್ಸಿಗೆ ತಯಾರಾಗಿರಬೇಕು. ಹುಣಸೂರು ಬರುವಷ್ಟರಲ್ಲಿ ದೊಡ್ಡಪ್ಪ ಮೂರು ಸಲ ತಲೆ ಎಣಿಸಿರುತ್ತಿದ್ದರು. ಓಡುವ ಬಸ್ಸಿನಿಂದ ತಲೆಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಬಾರದು. ಕೇಳಿದವರನ್ನು ಎರಡೆರಡು ಸಲ ಎಣಿಸುತ್ತಿದ್ದರು.

ದಾರಿ ಕೇಳುವುದು, ಬೋರ್ಡು ಓದುವುದು ಇವೆಲ್ಲ ಊರು ಗೊತ್ತಿಲ್ಲದವರ ಕೆಲಸ. ಒಂದು ಸಲ ಹೀಗೆಯೇ ಬೃಂದಾವನ ತೋರಿಸುತ್ತೇನೆಂದು ಬೀಗರನ್ನೆಲ್ಲ ಯಾವುದೋ ಬಸ್ಸಿಗೆ ಹತ್ತಿಸಿ, ಸೀದಾ ಕೆ.ಆರ್. ನಗರದಲ್ಲಿ ಇಳಿಸಿಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ವಾಪಸು ಬಸ್ಸು ಹುಡುಕುತ್ತಿದ್ದರು. ದೊಡ್ಡಪ್ಪ ಎಲ್ಲರನ್ನೂ ಹೊಳೆದಂಡೆಗೆ ನಡೆಸಿಕೊಂಡು ಹೋಗಿ, ಕಾವೇರಿಯ ಕಡೆ ಕೈ ಬೀಸಿದರು.

"ನೋಡ್ಕಳಿ. ಬೃಂದಾವನಕ್ಕೆ ನೀರು ಓಗದು ಇಲ್ಲಿಂದ್ಲೇಯ."

"ಅಲ್ಲ ಬೀಗ್ರೇ, ಕಾರಂಜಿ ಎಲ್ಲಿ?" ಎಂದರು ಬೀಗರು.

"ಇದೇ ನೀರು ಕಣ್ರೀ, ಮುಂದಕ್ಕೋಗಿ ಮ್ಯಾಕ್ಕೆ ಆರ್ತದೆ!"

ಬೀಗರು ತಲೆದೂಗಿದರು. ಭೂಗೋಳದ ಪ್ರಕಾರ ದೊಡ್ಡಪ್ಪ ಹೇಳಿದ್ದರಲ್ಲಿ ಒಂದಿನಿತೂ ಸುಳ್ಳಿರಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನೊಂದು ಸಲ ಶ್ರೀರಂಗಪಟ್ಟಣದಲ್ಲಿ ನನ್ನ ಚಿಕ್ಕಪ್ಪನ ಮಗಳು ಮತ್ತು ಅವಳ ಗಂಡ ಹೊಳೆಯ ಮೆಟ್ಟಿಲ ಮೇಲೆ ಸ್ವಲ್ಪ ದೂರ ಹೋಗಿ ಕೂತರು. ಮದುವೆಯಾಗಿ ಆರು ದಿನವಾಗಿತ್ತು, ಪಾಪ. ದೊಡ್ಡಪ್ಪ ಹೋಗಿ ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತು, ಇಂಗ್ಲಿಷರ ಫಿರಂಗಿ ಯಾವ ದಿಕ್ಕಿನಿಂದ ಬಂತು, ಕೋಟೆ ಎಲ್ಲಿ ಒಡೆಯಿತು ಎಂದು ಒಂದೂವರೆ ಗಂಟೆ ಯುದ್ಧ ನಡೆಸಿದರು. ಆ ಹುಡುಗ ಇವತ್ತಿಗೂ ಇತಿಹಾಸವೆಂದರೆ ಎದ್ದು ಹೋಗುತ್ತಾನೆ.

ಇಷ್ಟೆಲ್ಲ ಊರಿಗೆ ಊರನ್ನೇ ಸುತ್ತಿಸಿದ ದೊಡ್ಡಪ್ಪ ಒಬ್ಬರನ್ನು ಮಾತ್ರ ಮೈಸೂರಿಗೆ ಕರೆದುಕೊಂಡು ಹೋಗಿರಲಿಲ್ಲ. ಅದು ನಮ್ಮ ದೊಡ್ಡವ್ವ, ಅವರ ಹೆಂಡತಿ.

ಕಾರಣ ಬ್ಯಾರನ್ನು. ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಎತ್ತರದ ಮಣ್ಣುಗೋಡೆಯ ಬ್ಯಾರನ್ನಿನೊಳಗೆ ನೇತುಹಾಕಿ, ಐದಾರು ದಿನ ಒಂದೇ ಸಮ ಬೆಂಕಿ ಕೊಟ್ಟು ಹದ ಮಾಡಬೇಕು. ಬೆಂಕಿ ತುಸು ಹೆಚ್ಚಾದರೆ ಎಲೆ ಕಪ್ಪು, ಕಡಿಮೆಯಾದರೆ ಹಸಿರು. ಥರ್ಮಾಮೀಟರ್ ಇತ್ತು, ಆದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ನಂಬುತ್ತಿರಲಿಲ್ಲ. ದೊಡ್ಡವ್ವ ಬಾಗಿಲ ಸಂದಿಗೆ ಮೂಗು ಹಿಡಿದು "ಇನ್ನೆಲ್ಡು ಕೊಳ್ಳಿ ಆಕಿ" ಎಂದರೆ ಹಾಕಬೇಕು, "ಎಳೀರಿ" ಎಂದರೆ ಎಳೆಯಬೇಕು. ಮಂಡಿಯಲ್ಲಿ ನಮ್ಮ ಸೊಪ್ಪಿನ ಬಣ್ಣಕ್ಕೆ ಹೆಸರಿದ್ದದ್ದು ಆ ಮೂಗಿನಿಂದ. ಸೊಪ್ಪು ಬೇಯುವ ಕಾಲಕ್ಕೇ ದಸರಾ ಬರುತ್ತಿತ್ತು. ನಾವೆಲ್ಲ ಹೊಸ ಬಟ್ಟೆ ಹಾಕಿಕೊಂಡು ಹೊರಡುತ್ತಿದ್ದೆವು. ದೊಡ್ಡವ್ವ ಬೆಂಕಿಯ ಮುಂದೆ ಕೂತು "ಉಸಾರು ಕಣ್ರಪ್ಪ" ಎನ್ನುತ್ತಿದ್ದಳು. ಬ್ಯಾರನ್ ಮುಗಿದ ಮೇಲೆ ದನ, ದನ ಆದ ಮೇಲೆ ಮುಂದಿನ ಬೆಳೆಯ ಸಸಿಮಡಿ. ಬಸ್ಸಿಗೆ ಎರಡು ಗಂಟೆಯ ದಾರಿ, ಮೂವತ್ತು ವರ್ಷವಾದರೂ ಸವೆಯಲಿಲ್ಲ.

ಅವಳಿಗೆ ಅರಮನೆಯ ಆಸೆ ಇರಲಿಲ್ಲ. "ಅಷ್ಟು ದೊಡ್ಡ ಮನೆ, ಕಸ ಗುಡ್ಸೋರು ಯಾರು?" ಎಂದು ಅದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಳು. ಅವಳಿಗೆ ಬೇಕಿದ್ದದ್ದು ಮೃಗಾಲಯದ ಜಿರಾಫೆ. ದೊಡ್ಡಪ್ಪ ಅದರ ಕತ್ತನ್ನು ಹೇಳುತ್ತಾ ಹೇಳುತ್ತಾ ನಮ್ಮ ಹಿತ್ತಲಿನ ತೆಂಗಿನಮರದವರೆಗೆ ತಂದಿದ್ದರು. ಜೀವಮಾನವೆಲ್ಲ ದನಗಳಿಗೆ ಕಲಗಚ್ಚು ಇಟ್ಟವಳು ದೊಡ್ಡವ್ವ, ಅವಳಿಗೆ ಒಂದೇ ಚಿಂತೆ.

"ಕಾಲೂ ಉದ್ದ, ಕತ್ತೂ ಉದ್ದ. ಅದು ನೀರು ಎಂಗೆ ಕುಡೀತದೆ?"

ಮೈಸೂರಿಗೆ ಹೋಗಿ ಬಂದವರನ್ನೆಲ್ಲ ಕೇಳುತ್ತಿದ್ದಳು. ಒಬ್ಬರು ಮಂಡಿಯೂರುತ್ತದೆ ಎಂದರು. ಬೀಗಿತ್ತಿ ನೀರೇ ಕುಡಿಯುವುದಿಲ್ಲ ಎಂದರು. ದೊಡ್ಡಪ್ಪ "ಏಣಿ ಆಕಿ ಕುಡುಸ್ತಾರೆ" ಎಂದರು. ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿದ್ದ ನಾನು, ಮಹಾ ಬುದ್ಧಿವಂತ, "ಪೈಪಿದೆ ದೊಡ್ಡವ್ವ" ಎಂದಿದ್ದೆ. ಅವಳು ಯಾರ ಮಾತನ್ನೂ ನಂಬಲಿಲ್ಲ. "ನಾನೇ ನೋಡ್ಬೇಕು ಬುಡು" ಎಂದಳು.

ಕೊನೆಗೆ ಒಂದು ವರ್ಷ ಸೊಪ್ಪು ಬೇಗ ಮುಗಿಯಿತು. ಪಿರಿಯಾಪಟ್ಟಣದ ಎಸ್.ಟಿ.ಡಿ. ಬೂತಿನಿಂದ ದೊಡ್ಡಪ್ಪ ನನ್ನ ಪ್ರೆಸ್ಸಿಗೆ ಫೋನು ಮಾಡಿದರು.

"ಲೇ, ನಿಮ್ಮ ದೊಡ್ಡವ್ವನ್ನ ಕರ್ಕಬತ್ತಾ ಇವ್ನಿ. ಬೆಟ್ಟದ ತಾಯಿಗೆ ಮಂಗ್ಳವಾರ ಬತ್ತೀನಿ ಅಂತ ಅರಕೆ ಕಟ್ಕಂಡವ್ಳೆ. ನಾನು ಯಾವಾಗ್ಲೂ ಬಂದಿರದು ಭಾನುವಾರ, ಇಲ್ಲ ದಸರಾದಲ್ಲಿ. ಮಂಗ್ಳವಾರ ಎಲ್ಲಾನೂ ತಗ್ದಿರ್ತದಾ?"

ನಮ್ಮ ದೊಡ್ಡಪ್ಪ! ಮೈಸೂರಿನ ಬಗ್ಗೆ! ಇನ್ನೊಬ್ಬರನ್ನು ಕೇಳಿದರು! ಆಯುಸ್ಸಿನಲ್ಲಿ ಒಂದೇ ಒಂದು ಸಲ. ನಾನಾದರೂ ಒಂದು ಗಳಿಗೆ ಯೋಚಿಸಬೇಡವೇ? ಮೇಜಿನ ಮೇಲೆ ಯಾರದೋ ಲಗ್ನಪತ್ರಿಕೆಯ ಪ್ರೂಫು ಕಾಯುತ್ತಿತ್ತು.

"ಎಲ್ಲಾ ತೆಗೆದಿರುತ್ತೆ ದೊಡ್ಡಪ್ಪ, ಬನ್ನಿ" ಎಂದು ಫೋನಿಟ್ಟೆ.

ಮಂಗಳವಾರ ಮಧ್ಯಾಹ್ನ ರಜೆ ಹಾಕಿ, ಅವರನ್ನು ಕಾಣಲು ಜೂ ಗೇಟಿನ ಹತ್ತಿರ ಹೋದೆ. ಗೇಟು ಹಾಕಿತ್ತು. ವಾರಕ್ಕೊಂದು ದಿನ ಪ್ರಾಣಿಗಳಿಗೂ ರಜೆ, ಅದು ಮಂಗಳವಾರ. ಬೆಟ್ಟದಲ್ಲಿ ಪೂಜೆ ಮುಗಿಸಿ, ಹಣೆ ತುಂಬ ಕುಂಕುಮ ಇಟ್ಟುಕೊಂಡು ದೊಡ್ಡವ್ವ ಫುಟ್‌ಪಾತಿನ ಮೇಲೆ ನಿಂತಿದ್ದಳು. ನನ್ನ ಮುಖ ಕಂಡದ್ದೇ ದೊಡ್ಡಪ್ಪ, ನಾನು ಬಾಯಿ ತೆರೆಯುವ ಮೊದಲೇ, ಜೋರಾಗಿ ಹೇಳಿದರು.

"ಮಂಗ್ಳವಾರ ಬಾಗ್ಲು ಆಕ್ತಾರೆ ಅಂತ ನಂಗೊತ್ತಿತ್ತು ಕಣ್ಲಾ. ಮರ್ತೋದೆ. ವಯಸ್ಸಾಯ್ತು ನೋಡು."

ಮೈಸೂರಿನ ವಿಷಯದಲ್ಲಿ ದೊಡ್ಡಪ್ಪ ತಪ್ಪೊಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದು ಅವರ ತಪ್ಪೂ ಆಗಿರಲಿಲ್ಲ. ನಾನು ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಡಿತನ ಎಂಬ ಒಂದೇ ಉತ್ತರ ಸಿಕ್ಕಿದೆ.

ದೊಡ್ಡವ್ವ ಸಿಟ್ಟು ಮಾಡಲಿಲ್ಲ. ರಸ್ತೆಯ ಆಚೆ ಬದಿಗೆ ಹೋಗಿ, ಸೆರಗನ್ನು ಕಣ್ಣಿಗೆ ಮರೆ ಹಿಡಿದು, ಕಾಂಪೌಂಡಿನ ಮೇಲ್ಗಡೆ ನೋಡುತ್ತಾ ನಿಂತಳು.

"ಅಷ್ಟುದ್ದ ಕತ್ತು ಅಂತೀರಿ. ಒಂದ್ಗಳಿಗೆ ನಿಂತ್ರೆ ಗ್ವಾಡೆ ಮ್ಯಾಲಾದ್ರೂ ಕಾಣ್ತದೇನೋ."

ಒಂದು ಗಳಿಗೆಯಲ್ಲ, ಅರ್ಧ ಗಂಟೆ ನಿಂತೆವು. ಮರಗಳ ತಲೆ ಬಿಟ್ಟರೆ ಏನೂ ಕಾಣಲಿಲ್ಲ. ಊರಿನ ಬಸ್ಸಿಗೆ ಹೊತ್ತಾಯಿತು. ಮುಂದಿನ ಭಾನುವಾರ ಬಂದರಾಯಿತು ಎಂದರು ದೊಡ್ಡಪ್ಪ. ಮುಂದಿನ ಭಾನುವಾರ ಹಸು ಕರು ಹಾಕಿತು. ಅದರ ಮುಂದಿನದಕ್ಕೆ ಇನ್ನೇನೋ. ಸಸಿಮಡಿ ಹಾಕುವ ಹೊತ್ತಿಗೆ ದೊಡ್ಡವ್ವನಿಗೆ ಲಕ್ವ ಹೊಡೆದು ಎಡಗಡೆಯ ಕೈಕಾಲು ಬಿದ್ದುಹೋದವು.

ಅಲ್ಲಿಗೆ ದೊಡ್ಡಪ್ಪನ ಮೈಸೂರು ನಿಂತಿತು. ಹೊಸ ಜೋಡಿಗಳು ತಾವೇ ಹೋಗಿ ತಾವೇ ಬರತೊಡಗಿದವು. ಅವಕ್ಕೆ ಒಳ್ಳೆಯದೇ ಆಯಿತೇನೋ!

ಮಾರನೆಯ ವರ್ಷದ ಒಂದು ಭಾನುವಾರ ಸಂಜೆ ದೊಡ್ಡಪ್ಪ ಒಬ್ಬರೇ ನನ್ನ ರೂಮಿನ ಬಾಗಿಲಲ್ಲಿ ನಿಂತಿದ್ದರು. ಮುಖವೆಲ್ಲ ಬಿಸಿಲಿಗೆ ಬಾಡಿತ್ತು. ಬೆಳಗ್ಗೆ ಗೇಟು ತೆಗೆದಾಗ ಒಳಗೆ ಹೋದವರು, ಜಿರಾಫೆಯ ಬೇಲಿಯ ಮುಂದೆ ಊಟ ತಿಂಡಿ ಇಲ್ಲದೆ ನಿಂತು, ಅದು ನೀರು ಕುಡಿಯುವವರೆಗೂ ಕದಲಿರಲಿಲ್ಲ. ಎಂಥ ಜಿರಾಫೆಯೋ, ಮೂರು ಗಂಟೆಯವರೆಗೂ ಅದಕ್ಕೆ ಬಾಯಾರಲೇ ಇಲ್ಲವಂತೆ!

"ಎಂಗೆ ಕುಡೀತು ದೊಡ್ಡಪ್ಪ?" ಎಂದೆ.

"ನಿಂಗ್ಯಾಕ್ಲಾ? ಮೊದ್ಲು ಅವ್ಳಿಗೆ" ಎಂದವರು ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದರು. ನಾನೂ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ಅವರು ಯಾರನ್ನೂ ಎಣಿಸಲಿಲ್ಲ.

ದೊಡ್ಡವ್ವ ನಡುಮನೆಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ದೊಡ್ಡಪ್ಪ ಚಪ್ಪಲಿ ಬಿಟ್ಟವರೇ ಪಂಚೆ ಎತ್ತಿ ಕಟ್ಟಿ ಅವಳ ಮುಂದೆ ನಿಂತರು.

"ನೋಡ್ಕ. ಮೊದ್ಲು ಸುತ್ತಾ ನೋಡ್ತದೆ. ಆಮ್ಯಾಕೆ ಮುಂಗಾಲು ಇಂಗೆ, ಒಂದ್ಕಿತ ಇಂಗೆ, ಒಂದ್ಕಿತ ಅಂಗೆ..."

ಅರವತ್ತು ದಾಟಿದ ದೊಡ್ಡಪ್ಪ ಕಾಲುಗಳನ್ನು ಗಕ್ಕನೆ ಗಕ್ಕನೆ ಅಗಲಿಸುತ್ತಾ ಹೋದರು. ಕತ್ತನ್ನು ನೀಳವಾಗಿ ಚಾಚಿ, ಮೂತಿ ಮುಂದೆ ಮಾಡಿ, ನೆಲದವರೆಗೂ ಬಗ್ಗಿ, ಸುರ್ರೆಂದು ಸದ್ದು ಮಾಡಿದರು. ಬಗ್ಗಿದ್ದೇನೋ ಬಗ್ಗಿದರು, ಏಳಲಾಗದೆ ಹಾಗೇ ಪಕ್ಕಕ್ಕೆ ವಾಲಿ ಬಿದ್ದರು. ದೊಡ್ಡವ್ವನ ಮುಖದ ಬಲಗಡೆ ನಕ್ಕಿತು. ಎಡಗಡೆಗೆ ನಗಲು ಬರುತ್ತಿರಲಿಲ್ಲ. ಕಣ್ಣು ಮಾತ್ರ ಎರಡೂ ನಗುತ್ತಿದ್ದವು.

"ಸಾಕಾಗಷ್ಟು ನೀರು ಮಡ್ಗಿರ್ತಾರಾ?" ಎಂದು ತೊದಲುತ್ತಾ ಕೇಳಿದಳು.

"ತೊಟ್ಟಿ ತುಂಬಾ ಕಣೇ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಂಚದ ಹತ್ತಿರ ಹೋಗಿ, "ದೊಡ್ಡವ್ವ, ಅವತ್ತು ಮಂಗಳವಾರ ಎಲ್ಲಾ ತೆಗೆದಿರುತ್ತೆ ಅಂದಿದ್ದು..." ಎಂದು ಶುರುಮಾಡಿದೆ.

"ಸುಮ್ಕಿರ್ಲಾ!" ದೊಡ್ಡಪ್ಪ ನೆಲದ ಮೇಲಿಂದಲೇ ಗದರಿದರು. "ಮೈಸೂರ್ ಇಚಾರ ನಂಗೇ ಯೋಳಕ್ಕೆ ಬತ್ತಾನೆ!"

ದೊಡ್ಡವ್ವ ನನ್ನನ್ನೂ ಅವರನ್ನೂ ನೋಡಿದಳು. ಅವಳಿಗೆ ಏನು ಗೊತ್ತಾಯಿತೋ, ಎಷ್ಟು ಗೊತ್ತಾಯಿತೋ. ಬಲಗೈ ಎತ್ತಿ ದೊಡ್ಡಪ್ಪನ ಕಡೆ ತೋರಿಸಿದಳು.

"ಇನ್ನೊಂದ್ಕಿತ ಮಾಡಿ" ಎಂದಳು.

ದೊಡ್ಡಪ್ಪ ಎದ್ದು ಮತ್ತೆ ಕಾಲು ಅಗಲಿಸಿದರು. ಈ ಸಲ ಬೀಳದ ಹಾಗೆ ನಾನು ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡೆ.