ಗಿರಿಜಾಂಬನವರ ಜರಡಿ ಕಿರೀಟ

"ಇನ್ನು ಮೇಲೆ ನೀನು ಬಾಯಿ ಬಿಡೋದೇ ಬೇಡ ಕಣೇ!"

ಹೀಗೆಂದು ನಂಜುಂಡಾರಾಧ್ಯರು ಹೆಂಡತಿಯ ತಲೆಯ ಮೇಲೆ ಹಿಟ್ಟಿನ ಜರಡಿಯೊಂದನ್ನು ಪಟ್ಟಾಭಿಷೇಕದ ಗಾಂಭೀರ್ಯದಿಂದ ಇರಿಸಿದರು. ಜರಡಿಯ ಸುತ್ತ ಹನ್ನೆರಡು ತಾಮ್ರದ ಸುರುಳಿ, ನೆತ್ತಿಯ ಮೇಲೊಂದು ಕೆಂಪು ದೀಪ, ಕಿವಿಯ ಪಕ್ಕ ಹಳೇ ಫ್ಯಾನಿನ ರೆಗ್ಯುಲೇಟರು!

"ಮದುವೆಯಾದಾಗಿನಿಂದ ಇದನ್ನೇ ಹೇಳ್ತಾ ಇದೀರಿ. ಅದಕ್ಕೊಂದು ಯಂತ್ರ ಮಾಡ್ತೀರಿ ಅಂತ ಗೊತ್ತಿರ್ಲಿಲ್ಲ!" ಎಂದರು ಗಿರಿಜಾಂಬ.

ಅರಸೀಕೆರೆಯ ಈ ದಂಪತಿಗಳಲ್ಲಿ ಆರಾಧ್ಯರು ರೈಲ್ವೆ ಸಿಗ್ನಲ್ ವಿಭಾಗದಿಂದ ನಿವೃತ್ತರಾದವರು. ಗಿರಿಜಾಂಬ ಟೆಲಿಫೋನ್ ಎಕ್ಸ್‌ಚೇಂಜಿನಿಂದ. ಆಕೆಗೆ ನಿವೃತ್ತಿಯ ಮೇಲೆ ಹತ್ತಿದ ಹುಚ್ಚೆಂದರೆ 'ನಕ್ಷತ್ರಸೀಮೆ' ಎಂಬ ಆನ್‌ಲೈನ್ ಆಟ. ಊರೂರಿನ ಜನ ತಮ್ಮ ತಮ್ಮ ಮನೆಯಲ್ಲೇ ಕೂತು, ಕಂಪ್ಯೂಟರಿನೊಳಗಿನ ಆಕಾಶದಲ್ಲಿ ಹಡಗು ಹಾರಿಸಿ ಹೊಡೆದಾಡುವ ಆಟ. ಅದರಲ್ಲಿ ಗಿರಿಜಾಂಬ ಧೂಮಕೇತು ಪಡೆಯ ಸ್ಕೌಟು. ಸ್ಕೌಟಿಗೆ ಗುಂಡು ಹಾರಿಸುವ ಕೆಲಸವಿಲ್ಲ. ಪುಟ್ಟ ಹಡಗಿನಲ್ಲಿ ಎಲ್ಲರಿಗಿಂತ ಮುಂದೆ ಒಬ್ಬಳೇ ಹೋಗಿ, ಬಂಡೆಯ ಹಿಂದೆ ಅಡಗಿ, ವೈರಿ ಎಷ್ಟು, ಎಂಥವರು, ಯಾವ ಕಡೆ ಹೊರಟರು ಎಂದು ನಾಲ್ಕೇ ಮಾತಿನಲ್ಲಿ ಹಿಂದಿನವರಿಗೆ ತಿಳಿಸಬೇಕು. ಊಹೆ ಕೂಡದು, ಎಣಿಸಬೇಕು. ಮುಖ್ಯವಾಗಿ ಸಾಯಬಾರದು. ಮೂವತ್ತು ವರ್ಷ 'ಎಲ್ಲಿಂದ, ಯಾರಿಗೆ' ಎಂದು ಕೇಳಿ ತಂತಿ ಜೋಡಿಸಿದ ಹೆಂಗಸಿಗೆ ಇದೇನು ಕಷ್ಟ?

ಆದರೆ ಹೋದ ಭಾನುವಾರ ಎಡವಟ್ಟಾಗಿತ್ತು. ಆಕೆ ವೈರಿಗಳನ್ನು ಎಣಿಸುತ್ತಿದ್ದಾಗ ಆರಾಧ್ಯರು ಬಚ್ಚಲಿನಿಂದ, "ಟವಲ್ ಎಲ್ಲೇ?" ಎಂದು ಕೂಗಿದರು. "ಎಡಗಡೇನೇ ಇದೆ, ನೋಡಿ!" ಎಂದು ಈಕೆ ಉತ್ತರಿಸಿದರು. ಮೈಕು ಆನ್ ಆಗಿತ್ತು. ಇಡೀ ಪಡೆ ಎಡಕ್ಕೆ ತಿರುಗಿತು. ಹನ್ನೊಂದು ಹಡಗು ಭಸ್ಮ!

ಪಡೆಯ ದಳಪತಿ ಶಿವಲೀಲಾ ಗದಗಿನ ಹಲ್ಲಿನ ಡಾಕ್ಟರು. ಹಲ್ಲು ಕೀಳುವಷ್ಟೇ ನಯವಾಗಿ ಆಕೆ ಹೇಳಿದ್ದಳು: "ಅಕ್ಕಾರ, ಬರೋ ವಾರ ನಮ್ಮ ಹಡಗಿನ ನಿಲ್ದಾಣದ ಮ್ಯಾಲೆ ದಾಳಿ ಐತ್ರಿ. ಅದು ಹೋತಂದ್ರ ನಮ್ಮ ಪಡೀನ ಮುಗೀತು. ಈ ಕೆಲಸಾ ಬ್ಯಾರೆ ಯಾರಿಗರ ಕೊಡೂಣೇನ್ರಿ?"

"ಇನ್ನೊಂದೇ ಒಂದ್ಸಲ ನೋಡಮ್ಮ," ಎಂದಿದ್ದರು ಗಿರಿಜಾಂಬ. ಅವತ್ತು ಅವರು ಊಟ ಮಾಡಲಿಲ್ಲ. ಟವಲು ಸುತ್ತಿಕೊಂಡೇ ನಿಂತಿದ್ದ ಆರಾಧ್ಯರು ಅದನ್ನು ನೋಡಿದರು. ವಾರವಿಡೀ ಉಗ್ರಾಣದಿಂದ ಹೊಗೆ ಬಂತು. ಅದರ ಫಲವೇ ಈ ಜರಡಿ.

"ನಿನ್ನ ಮನಸ್ಸು ಏನನ್ನ ಗಮನಿಸುತ್ತೋ ಅದನ್ನ ಯಂತ್ರಾನೇ ಪಡೆಗೆ ಹೇಳುತ್ತೆ. ನಾನು ಟವಲ್ ಕೇಳಿದ್ರೂ ತೊಂದ್ರೆ ಇಲ್ಲ!"

"ಕೇಳದೇ ಇದ್ರೆ ಈ ಜರಡೀನೇ ಬೇಕಿರ್ಲಿಲ್ಲ."

ಭಾನುವಾರ ಸಂಜೆ ನಾಲ್ಕಕ್ಕೆ ಯುದ್ಧ ಶುರುವಾಯಿತು. ಗಿರಿಜಾಂಬ ಮೂರನೇ ಬಂಡೆಯ ಹಿಂದೆ ಹಡಗು ನಿಲ್ಲಿಸಿ ಇಣುಕಿದರು. ಕೂಡಲೇ ಜರಡಿ, ಥೇಟ್ ರೈಲ್ವೆ ಸ್ಟೇಷನ್ನಿನ ದನಿಯಲ್ಲಿ ಉಲಿಯಿತು: "ದಯವಿಟ್ಟು ಗಮನಿಸಿ. ಎರಡು ಹಡಗು. ಬಲಕ್ಕೆ ಹೊರಟಿವೆ."

"ಭಾಳ ಛಲೋ, ಅಕ್ಕಾರ!" ಎಂದಳು ಶಿವಲೀಲಾ. ಆರಾಧ್ಯರು ಮೀಸೆ ತಿರುವಿದರು.

"ದಯವಿಟ್ಟು ಗಮನಿಸಿ. ಕುಕ್ಕರ್ ಎರಡು ಸಲ ಕೂಗಿದೆ. ಇನ್ನೊಂದು ಬಾಕಿ."

"ಕುಕ್ಕರ್ ಅಂದ್ರ ಯಾವ ಹಡಗ್ರೀ?"

"ದಯವಿಟ್ಟು ಗಮನಿಸಿ. ಯಜಮಾನರ ಪಂಚೆ ಹಿಂದುಗಡೆ ಹರಿದಿದೆ. ನಾಲ್ಕು ಬೆರಳಗಲ."

ಅರವತ್ತು ಊರುಗಳಿಂದ ನಗು ಕೇಳಿಸಿತು! ಆರಾಧ್ಯರು ಒಂದು ಕೈಯಿಂದ ಪಂಚೆ ಹಿಡಿದುಕೊಂಡರು. "ಕರೆಂಟು ಸಾಲ್ತಿಲ್ಲ, ಅದಕ್ಕೇ ಸಣ್ಣಪುಟ್ಟದ್ದೆಲ್ಲ ನುಗ್ತಾ ಇದೆ," ಎನ್ನುತ್ತ ಇನ್ನೊಂದು ಕೈಯಿಂದ ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿಯೇಬಿಟ್ಟರು.

ಕೆಂಪು ದೀಪ ನೇರಳೆಯಾಯಿತು. ಈಗ ಜರಡಿಯ ಮಾತು ತಮ್ಮ ಪಡೆಗಷ್ಟೇ ಅಲ್ಲ, ವೈರಿಗಳ ಕಿವಿಗೂ ಬೀಳತೊಡಗಿತು. ಅದೇ ಹೊತ್ತಿಗೆ ಕತ್ತಲಿನಿಂದ ನಲವತ್ತು ದೈತ್ಯ ಹಡಗುಗಳು ಹೊರಬಂದವು. 'ಸದ್ಯ, ನಾನು ಮೂರನೇ ಬಂಡೆ ಹಿಂದೆ ಇರೋದು ಇವರಿಗೆ ಗೊತ್ತಿಲ್ಲ' ಎಂದುಕೊಂಡರು ಗಿರಿಜಾಂಬ.

"ದಯವಿಟ್ಟು ಗಮನಿಸಿ. ಗಿರಿಜಾಂಬನವರು ಮೂರನೇ ಬಂಡೆಯ ಹಿಂದಿದ್ದಾರೆ."

ನಲವತ್ತೂ ಹಡಗುಗಳು ಮೂರನೇ ಬಂಡೆಯತ್ತ ಮೂತಿ ತಿರುಗಿಸಿದವು!

"ಅಯ್ಯೋ, ಆರಿಸ್ರೀ ಇದನ್ನ!"

"ಆರ್ಸೋ ಗುಂಡಿ ಇನ್ನೂ ಇಟ್ಟಿಲ್ಲ ಕಣೇ!"

ಗಾಬರಿಯಿಂದ ಗಿರಿಜಾಂಬ ಮೇಜಿನ ಕಡೆ ಕಣ್ಣು ಹೊರಳಿಸಿದರು. ಕೊಬ್ಬರಿ ಮಿಠಾಯಿಯ ತಟ್ಟೆಗೆ ಇರುವೆ ಮುತ್ತಿತ್ತು. ಎಣಿಸುವುದು ಆಕೆಯ ಅಭ್ಯಾಸ. ಎಣಿಸಿದರು.

"ದಯವಿಟ್ಟು ಗಮನಿಸಿ. ಎಡಗಡೆಯಿಂದ ಕಪ್ಪು ಸಾಲು. ಮುನ್ನೂರು. ಹಿಂದೆ ಇನ್ನೂ ಬರುತ್ತಿವೆ. ಇಷ್ಟು ದೊಡ್ಡ ದಂಡು ಎಂದೂ ನೋಡಿಲ್ಲ."

ವೈರಿಗಳು ಒಂದು ಕ್ಷಣ ನಿಂತರು. ಮರುಕ್ಷಣ ನಲವತ್ತೂ ಹಡಗು ಬಲಕ್ಕೆ ದೌಡು! ಕಷ್ಟವೆಂದರೆ ಧೂಮಕೇತು ಪಡೆಯೂ ಅದನ್ನೇ ಕೇಳಿತ್ತು. "ಮುನ್ನೂರಾ? ಓಡ್ರಿ ಎಲ್ಲಾರೂ!" ಎಂದು ಶಿವಲೀಲಾ ಚೀರಿದಳು. ಕಾಯಬೇಕಾದ ನಿಲ್ದಾಣವನ್ನು ಬಿಟ್ಟು ಇವರೂ ಓಟ ಕಿತ್ತರು!

ಗಿರಿಜಾಂಬ ಜರಡಿ ಕಿತ್ತು ಕಿಟಕಿಯ ಕಟ್ಟೆಯ ಮೇಲೆ ಬೋರಲಾಗಿಟ್ಟರು. ಮೈಕು ಹಾಕಿದರು. ಎಕ್ಸ್‌ಚೇಂಜಿನ ದನಿ ತಾನಾಗಿ ಬಂತು.

"ಶಿವಲೀಲಾ, ನಿಂತ್ಕೋ. ಮುನ್ನೂರು ಅಂದದ್ದು ನಮ್ಮನೆ ಇರುವೆ. ಹಡಗು ನಲವತ್ತೇ. ಬಲಗಡೆ ಇಕ್ಕಟ್ಟು ದಾರೀಲಿ ಒಂದರ ಹಿಂದೆ ಒಂದು ನುಗ್ತಾ ಇವೆ. ಹಿಂದುಗಡೆ ಕಾವಲಿಲ್ಲ. ಈಗ್ಲೇ ಬಾ."

ಆರಾಧ್ಯರು ಉಸಿರು ಬಿಗಿಹಿಡಿದರು, ಪಂಚೆ ಬಿಟ್ಟರು.

"ಖರೇನ್ರಿ, ಅಕ್ಕಾರ?"

"ಎಣಿಸಿದೀನಮ್ಮ."

ಶಿವಲೀಲಾ ಬಂದಳು. ಕಾಲು ಗಂಟೆಯಲ್ಲಿ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ನಲವತ್ತರಲ್ಲಿ ಮೂವತ್ತಾರು ಹಡಗು ಪುಡಿಪುಡಿ! ನಿಲ್ದಾಣ ಉಳಿಯಿತು. "ಈ ಕೆಲಸಾ ಬ್ಯಾರೆ ಯಾರಿಗೂ ಬ್ಯಾಡ್ರಿ," ಎಂದಳು ಆಕೆ.

ಗಿರಿಜಾಂಬ ಕಣ್ಣೊರೆಸಿಕೊಂಡರು. ಆರಾಧ್ಯರು ಪೆಚ್ಚಾಗಿ, "ಹಾಗಾದ್ರೆ ಯಂತ್ರ ಬೇಡ್ವೇನೇ?" ಎಂದರು.

"ಅದಿಲ್ದಿದ್ರೆ ಅವ್ರು ಓಡ್ತಿದ್ರಾ? ಬನ್ನಿ, ಪಂಚೆ ಹೊಲಿದುಕೊಡ್ತೀನಿ. ಆಮೇಲೆ ಅದಕ್ಕೊಂದು ಗುಂಡಿ ಇಡೀರಂತೆ."

ಅಷ್ಟರಲ್ಲಿ ಕಿಟಕಿಯ ಕಡೆಯಿಂದ ಪಿಸುದನಿ ಕೇಳಿಸಿತು. "ದಯವಿಟ್ಟು ಗಮನಿಸಿ. ನೊಣ. ಒಂದು. ಹತ್ತಿರ ಬರುತ್ತಿದೆ. ಯಾರೂ ಅಲುಗಾಡಬೇಡಿ." ಬೋರಲಾಗಿದ್ದ ಜರಡಿಯ ಅಂಚಿನಿಂದ ಹಲ್ಲಿಯ ಬಾಲವೊಂದು ಇಣುಕುತ್ತಿತ್ತು.

"ಅಕ್ಕಾರ," ಶಿವಲೀಲಾ ಬೆರಗಿನಿಂದ ಕೇಳಿದಳು, "ಈ ಹೊಸಾ ಸ್ಕೌಟ್ ಯಾರ್ರೀ? ಭಾಳ ತಾಳ್ಮಿ ಐತ್ರಿ!"

ಗಿರಿಜಾಂಬ ಸೂಜಿಗೆ ದಾರ ಪೋಣಿಸುತ್ತ ಹೇಳಿದರು: "ನಮ್ಮನೇಲೇ ಇರೋರಮ್ಮ. ಟವಲ್ ಕೇಳಲ್ಲ."