ಅಕ್ಕನ ಹೆಬ್ಬಾತು, ನನ್ನ ಪಟಾಕಿ

ನಮ್ಮಕ್ಕನ ಹತ್ತಿರ ರವಿಕೆ ಹೊಲಿಸಬೇಕೆಂದಿರುವ ಹೆಂಗಸರಿಗೆಲ್ಲ ನನ್ನದೊಂದೇ ಸಲಹೆ: ಮುಂದಿನ ಜನ್ಮದಲ್ಲಿ ಕೊಕ್ಕರೆಯಾಗಿ ಹುಟ್ಟಿ ಬನ್ನಿ! ಆಗ ನಿಮ್ಮ ಅಳತೆಯನ್ನು ಆಕೆ ಯಾವತ್ತೂ ಮರೆಯುವುದಿಲ್ಲ. ಮನುಷ್ಯರಾಗಿ ಹುಟ್ಟಿದ್ದೀರೋ, ನಾಳೆ ಬನ್ನಿ.

ನಂಜನಗೂಡಿನ ಪೇಟೆಯಲ್ಲಿ ಅಕ್ಕನದೊಂದು ಟೈಲರ್ ಅಂಗಡಿ. ಮೆಷಿನ್ನಿನ ಪಕ್ಕ ಕತ್ತರಿ ಇರಬೇಕಾದ ಜಾಗದಲ್ಲಿ ಬೈನಾಕ್ಯುಲರ್ ಇರುತ್ತದೆ. ಕತ್ತರಿ ಎಲ್ಲಿರುತ್ತದೆ? ಅದು ಅಕ್ಕನಿಗೂ ಗೊತ್ತಿಲ್ಲ. ಹಕ್ಕಿಗಳನ್ನು ಆಕೆ ನೋಡುವುದೂ ದರ್ಜಿಯ ಕಣ್ಣಿನಲ್ಲೇ. "ಈ ನೀರುಕಾಗೆ ನೋಡ್ಲಾ, ಬಟ್ಟೆಗೆ ಲೈನಿಂಗೇ ಕೊಟ್ಟಿಲ್ಲ. ಅದಕ್ಕೇ ನೆಂದು ತೊಪ್ಪೆಯಾಗಿ, ರೆಕ್ಕೆ ಒಣಗಾಕ್ಕೊಂಡು ಕೂತದೆ!"

ಅಳತೆ ಪುಸ್ತಕದಲ್ಲಿ ಒಂದು ಪುಟಕ್ಕೆ ಗಿರಾಕಿ, ಎದುರು ಪುಟಕ್ಕೆ ಹಕ್ಕಿ. ಒಂದು ಸಲ ಫ್ಯಾನಿನ ಗಾಳಿಗೆ ಹಾಳೆ ತಿರುಗಿ, ಒಬ್ಬ ಮದುಮಗಳ ತೋಳಿಗೆ ಬೆಳ್ಳಕ್ಕಿಯ ಕತ್ತಿನ ಉದ್ದ ಬಂತು. ರವಿಕೆ ತೊಟ್ಟ ಹುಡುಗಿಯ ಬೆರಳುಗಳೇ ಕಾಣಿಸಲಿಲ್ಲವಂತೆ! ಅವಳ ತಾಯಿ ಅಂಗಡಿಗೆ ಬಂದು ಕುಣಿದಾಡಿದರು. ಅಕ್ಕ ಅಲುಗಿದಳೇ? "ಅಮ್ಮಾ, ಉದ್ದ ಆದ್ರೆ ಮಡಿಸಿ ಹೊಲೀಬೌದು. ಗಿಡ್ಡ ಆಗಿದ್ರೆ ಏನ್ ಮಾಡ್ತಿದ್ರಿ? ದೇವರು ದೊಡ್ಡವನು ಅಂದ್ಕೊಳಿ" ಎಂದು ಆಕೆಗೇ ಸಮಾಧಾನ ಹೇಳಿ ಕಳಿಸಿದಳು.

ಇಂಥ ಅಕ್ಕನಿಗೆ ನಾನೊಬ್ಬನೇ ತಮ್ಮ. ಓದಿದ್ದು ಆರನೇ ಕ್ಲಾಸು. ಏಳನೇ ಕ್ಲಾಸಿನ ಬಾಗಿಲವರೆಗೂ ಹೋಗಿದ್ದೆ, ಒಳಗೆ ಸೆಕೆ ಜಾಸ್ತಿ ಅನ್ನಿಸಿ ವಾಪಸ್ ಬಂದೆ. ನರಸೀಪುರದ ದಾರಿಯಲ್ಲಿ ನಮ್ಮೂರು, ಊರಿಗೊಂದು ಕೆರೆ, ಕೆರೆಗೆ ಅಂಟಿಕೊಂಡು ನನ್ನ ಭತ್ತದ ಗದ್ದೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಆ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳೀ ತಲೆಯ ಹಿಂದೆ ಎರಡು ಕರೀ ಪಟ್ಟೆ. ಹಗಲೆಲ್ಲ ಕೆರೆಯಲ್ಲಿ ತೇಲುತ್ತವೆ, ಊಟಕ್ಕೆ ಪಕ್ಕದ ಗದ್ದೆಗೆ ಬರುತ್ತವೆ. ಪಕ್ಕದ ಗದ್ದೆ ಯಾರದು ಅಂತ ಮತ್ತೆ ಹೇಳಬೇಕೆ?

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾದರೆ ಅವು ತಮ್ಮ ದೇಶಕ್ಕೆ ಹೊರಟುಬಿಡುತ್ತವೆ. ಅಷ್ಟರೊಳಗೆ ತೋರಿಸುತ್ತೇನೆಂದು ಅಕ್ಕ ಮೂವರು ಗೆಳತಿಯರಿಗೆ ಮಾತು ಕೊಟ್ಟಿದ್ದಳು. ಒಬ್ಬರು ಬಳೆ ಅಂಗಡಿಯವರು, ಒಬ್ಬರು ರಿಟೈರಾದ ಟೀಚರು, ಇನ್ನೊಬ್ಬರು ನರ್ಸಮ್ಮ. ಎರಡು ವರ್ಷದಿಂದ ಏನೋ ಒಂದು ಅಡ್ಡ ಬಂದು ತಪ್ಪಿಹೋಗಿತ್ತು. ಹಿಮಾಲಯ ದಾಟುವ ಬಾತು ಅನ್ನುವುದೇ ಅಕ್ಕನ ಬುರುಡೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

"ಲೇ ತಮ್ಮ, ಭಾನುವಾರದ ಗಂಟ ಅವನ್ನ ಕಾಯ್ಕೊ" ಎಂದು ಅಕ್ಕ ಫೋನ್ ಮಾಡಿದಳು. "ಕೆಮ್ಮು ಬಂದ್ರೂ ಊರಾಚೆ ಓಗಿ ಕೆಮ್ಮು. ಅವರ ಮುಂದೆ ನನ್ ಮರ್ವಾದೆ ಉಳೀಬೇಕು ಕಣ್ಲಾ."

"ನನ್ ಮೇಲ್ ಬುಟ್ಬುಡು ಅಕ್ಕ" ಎಂದೆ. ಎಂಥ ಧೈರ್ಯ ನೋಡಿ!

ಭಾನುವಾರ ಬೆಳಕು ಹರಿಯುವಾಗ ನೀರು ತಿರುಗಿಸಲು ಗದ್ದೆಗೆ ಹೋದೆ. ಮೊನ್ನೆ ಮೊನ್ನೆ ನೆಟ್ಟ ಪೈರಿನ ನಡುವೆ ಇಡೀ ಗುಂಪು ಬೀಗರೂಟಕ್ಕೆ ಬಂದ ಹಾಗೆ ಕೂತಿದೆ! ಒಂದು ಬಾತಂತೂ ನನ್ನನ್ನು ನೋಡಿ, ಬಡಿಸುವವನು ಬಂದನೇನೋ ಅನ್ನುವಂತೆ ಕತ್ತೆತ್ತಿತು. ರೈತನ ತಲೆ ಕೆಟ್ಟಾಗ ಅವನಿಗೆ ವಾರ ನೆನಪಿರುತ್ತದೆಯೇ? ಹಂದಿ ಓಡಿಸಲು ಪಂಪ್‌ಸೆಟ್ಟಿನ ಮನೆಯಲ್ಲಿ ಸರ ಪಟಾಕಿ ಇಟ್ಟಿದ್ದೆ. ತಂದು ಹಚ್ಚಿಯೇಬಿಟ್ಟೆ. ಕೊನೇ ಪಟಾಕಿ ಸಿಡಿಯುವ ಹೊತ್ತಿಗೆ ಗದ್ದೆ ಖಾಲಿ, ಕೆರೆ ಖಾಲಿ, ಆಕಾಶವೂ ಖಾಲಿ. ಯುದ್ಧ ಗೆದ್ದವನ ಹಾಗೆ ಸೊಂಟಕ್ಕೆ ಕೈ ಕೊಟ್ಟು ನಿಂತೆ. ಆಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ತಮ್ಮಾ, ನಾಕೂ ಜನ ಬಸ್ ಹತ್ತುದ್ವಿ ಕಣೋ!"

ಬಂದರು. ಕೊಡೆ, ನೀರಿನ ಬಾಟಲಿ, ಉಪ್ಪಿಟ್ಟಿನ ಡಬ್ಬಿ ಸಮೇತ ನನ್ನ ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆದು ಕೆರೆ ಏರಿ ಹತ್ತಿದರು. ಹೊಂಗೆ ಚಿಗುರಿದ್ದ ದಿನ, ಹಕ್ಕಿಗಳಿಗೇನೂ ಬರವಿರಲಿಲ್ಲ. ಹಣೆಗೆ ಬಿಳೀ ನಾಮ ಎಳೆದುಕೊಂಡ ನಾಮದ ಕೋಳಿಗಳಿದ್ದವು, ಬಣ್ಣದ ಕೊಕ್ಕರೆಗಳಿದ್ದವು, ಮಿಂಚುಳ್ಳಿ ಇತ್ತು. ಹೆಬ್ಬಾತು ಮಾತ್ರ ಒಂದೂ ಇಲ್ಲ.

ಬಳೆ ಅಂಗಡಿಯವರು ಸುಮ್ಮನಿದ್ದಾರೆಯೇ? "ನಿನ್ ಬಾತೂ ನಿನ್ ಬ್ಲೌಸೂ ಒಂದೇ ಕಣಮ್ಮಿ, ಹೇಳಿದ್ ದಿನಕ್ಕೆ ಸಿಕ್ಕೋದೇ ಇಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು. ಆದರೆ ಬೈನಾಕ್ಯುಲರನ್ನು ಕಣ್ಣಿನಿಂದ ಇಳಿಸಲಿಲ್ಲ. ಖಾಲಿ ನೀರನ್ನೇ ಬಹಳ ಹೊತ್ತು ನೋಡುತ್ತ ನಿಂತಳು.

ಆ ಹೊತ್ತಿಗೆ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ. "ನೆನ್ನೆ ಸಂಜೇನೇ ಹೊಂಟೋದ್ವು ಅಕ್ಕ" ಎಂದೆ.

"ನೆನ್ನೇನಾ? ನೀನೇ ನೋಡ್ದಾ? ಎಂಗ್ ಓದ್ವು?"

ಸುಳ್ಳಿನ ಚಕ್ರ ಒಂದು ಸಲ ಉರುಳಿದರೆ ಅದಕ್ಕೆ ಬ್ರೇಕ್ ಎಲ್ಲಿದೆ? ಸಾಲು ಕಟ್ಟಿದವು ಎಂದೆ, ಬಡಗಲಿಗೆ ತಿರುಗಿದವು ಎಂದೆ, ಹಿಂದುಗಡೆ ಇದ್ದ ಒಂದು ಮುದಿ ಬಾತು ಕೆರೆಯನ್ನು ಮೂರು ಸುತ್ತು ಸುತ್ತಿ, ಹೋಗಿಬರ್ತೀನಿ ಅನ್ನುವಂತೆ ಕೂಗಿತು ಎಂದೆ. ಟೀಚರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು! ಅಕ್ಕ ನನ್ನನ್ನೇ ಒಂದು ಗಳಿಗೆ ನೋಡಿದಳು.

"ಕೇಳುದ್ರಾ? ಇಷ್ಟ್ ವರ್ಷದಲ್ಲಿ ಅವು ಹೊರಡೋದನ್ನ ನಾನೇ ಕಂಡಿಲ್ಲ. ನನ್ ತಮ್ಮ ಕಂಡವ್ನೆ" ಎಂದು ಗೆಳತಿಯರಿಗೆ ಹೇಳಿದಳು. ಅಳತೆ ಪುಸ್ತಕ ತೆಗೆದು ಪೆನ್ನು ಹಿಡಿದವಳು, ಏನೂ ಬರೆಯದೆ ಚೀಲಕ್ಕೆ ಹಾಕಿಕೊಂಡಳು. ಉಪ್ಪಿಟ್ಟಿನಲ್ಲಿ ದೊಡ್ಡ ಪಾಲು ನನಗೇ ಕೊಟ್ಟಳು. ಅರ್ಧಕ್ಕರ್ಧ ಡಬ್ಬಿಗೇ ವಾಪಸ್ ಹಾಕಿದೆ. ರವೆಯದೇನೂ ತಪ್ಪಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಅವರು ಹೊರಟರು. ಹೊತ್ತು ಮುಳುಗುವ ಮುಂಚೆ ನಾನು ಏರಿಯ ಮೇಲೆ ಒಬ್ಬನೇ ಕೂತಿದ್ದೆ. ತಲೆಯ ಮೇಲೆ ಕೂಗು ಕೇಳಿಸಿತು. ನೋಡಿದರೆ, ಇಡೀ ಗುಂಪು! ಹಗಲೆಲ್ಲ ಯಾವ ಕೆರೆಯಲ್ಲಿ ಅಡಗಿದ್ದವೋ, ಸಾಲಾಗಿ ಬಂದು ನೀರಿಗಿಳಿದವು.

ಈಗ ಫೋನ್ ಮಾಡಿದರೆ ನನ್ನ ಸುಳ್ಳು ಬಯಲು. ಮಾಡದಿದ್ದರೆ ಅಕ್ಕನ ಮರ್ಯಾದೆ ಇನ್ನೊಂದು ವರ್ಷ ಕಾಯಬೇಕು. ಅಷ್ಟರಲ್ಲಿ ಇವು ನಿಜವಾಗಿಯೂ ಹೊರಟುಬಿಟ್ಟರೆ? ಮೂರು ಸಲ ನಂಬರ್ ಒತ್ತಿ ಮೂರು ಸಲ ಅಳಿಸಿದೆ. ನಾಲ್ಕನೇ ಸಲ ಗಂಟೆ ಹೊಡೆಯಿತು.

"ಅಕ್ಕ, ಬಾತು ಬಂದವೆ. ಬೆಳಿಗ್ಗೆ ಪಟಾಕಿ ಹೊಡ್ದು ಓಡ್ಸಿದ್ದು ನಾನೇ."

ಆ ಕಡೆ ಮೆಷಿನ್ನಿನ ಸದ್ದು ನಿಂತಿತು. "ಗೊತ್ತು ಕಣ್ಲಾ. ನಿನ್ ಬದುವಿನ ಮೇಲೆ ಬಾತಿನ ಇಕ್ಕೆ ಇನ್ನೂ ಹಸಿಯಾಗಿತ್ತು. ನೆನ್ನೆ ಸಂಜೆ ಓದ ಬಾತು ಇವತ್ತು ಬೆಳಿಗ್ಗೆ ಇಕ್ಕೆ ಹಾಕ್ತದಾ?"

"ಮತ್ತೆ ಅಲ್ಲೇ ಯಾಕ್ ಬಯ್ನಿಲ್ಲ?"

"ಅವರು ನನ್ನ ನೋಡಿ ನಗ್ತಾರೆ, ನಕ್ಕೊಳ್ಲಿ, ನನಗೆ ರೂಢಿ ಆಗ್ಬುಟ್ಟದೆ. ನಿನ್ನ ನೋಡಿ ನಗೋದು ಬ್ಯಾಡ ಅನ್ನುಸ್ತು."

ಅಷ್ಟರಲ್ಲಿ ಹೆಬ್ಬಾತುಗಳು ಒಂದೊಂದಾಗಿ ನೀರು ಬಿಟ್ಟು, ಬದು ಹತ್ತಿ, ನನ್ನ ಎಳೇ ಪೈರಿನೊಳಗೆ ನಡೆದವು.

"ಏನ್ಲಾ ಸುಮ್ನಾದೆ?" ಎಂದಳು ಅಕ್ಕ. "ಎಲ್ಲಿ ಅವೆ ಈಗ?"

"ಗದ್ದೆಗಿಳಿದವೆ."

"ಮತ್ತೆ ಓಡಿಸ್ತಾ ಇದ್ದೀಯಾ?"

"ಸುಮ್ಕಿರಕ್ಕ. ಎಣಿಸ್ತಾವ್ನಿ, ಲೆಕ್ಕ ತಪ್ತದೆ."