ಪಪ್ಪನ ಕ್ಯಾಸೆಟ್ಟಿನಲ್ಲಿ ಶ್ರುತಿಪೆಟ್ಟಿಗೆ

ಸಂಗೀತ ಕಲಿತಿದ್ದೀರಾ ಎಂದು ಕೇಳಿದವರಿಗೆಲ್ಲ ನಾನು ‘ಸ್ವಲ್ಪ’ ಎಂದು ತಲೆ ತಗ್ಗಿಸಿ ಹೇಳುತ್ತ ಬಂದಿದ್ದೇನೆ. ಕೇಳಿದವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ. ನಾನು ಕಲಿತದ್ದು ಹತ್ತನೇ ಕ್ಲಾಸಿನ ಜೂನ್‌ನಿಂದ ನವೆಂಬರ್ ತನಕ ಮಾತ್ರ. ಅಷ್ಟರಲ್ಲಿ ನಾನು ಮಾಡಿಟ್ಟ ಅನಾಹುತ ಮಾತ್ರ ಸ್ವಲ್ಪದ್ದಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಯಾರಾದರೂ ಸಂಗೀತ ಕಲಿಯುತ್ತಾರಾ ಎಂದು ನೀವು ಕೇಳಬಹುದು. ಇಲ್ಲ. ಅದಕ್ಕೇ ನಾನೊಬ್ಬನೇ ಇದ್ದೆ. ಒಂಬತ್ತರ ತನಕ ಸಂಗೀತಕ್ಕೆ ಬರುತ್ತಿದ್ದವರೆಲ್ಲ ಜೂನ್ ಬಂದದ್ದೇ ತಡ, ನಾಲ್ಕು ಗಂಟೆಯ ಬಸ್ಸು ಹತ್ತಿ ಕಾಸರಗೋಡಿಗೆ ಟ್ಯೂಷನ್ನಿಗೆ ಹೋಗತೊಡಗಿದರು. ಕುಂಬ್ಡಾಜೆ ಕಡೆಯ ಗುಡ್ಡದ ಮನೆಯಿಂದ ಬರುತ್ತಿದ್ದ ನನಗೆ, ಟ್ಯೂಷನ್ ಮುಗಿಸಿದರೆ ವಾಪಸು ಹೋಗಲು ಬಸ್ಸಿಲ್ಲ. ಅಮ್ಮ ಯಾರಿಂದಲೋ ಕೇಳಿಕೊಂಡು ಬಂದಿದ್ದಳು: “ಶಾಲಾ ಕಲೋತ್ಸವದಲ್ಲಿ ಹಾಡಿ ಗೆದ್ದರೆ ಪರೀಕ್ಷೆಗೆ ಗ್ರೇಸ್ ಮಾರ್ಕ್ ಉಂಟಂತೆ ಮಾರಾಯ. ನಿನ್ನ ಲೆಕ್ಕಕ್ಕೆ ಬೇರೆ ಗತಿ ಎಂತ ಉಂಟು?” ಹೀಗೆ, ಲೆಕ್ಕ ಬಾರದ ತಪ್ಪಿಗೆ ನಾನು ಗಾಯಕನಾದೆ.

ಪಾಠ ಹೇಳುತ್ತಿದ್ದವರು ಪಯ್ಯನ್ನೂರಿನ ಸುಶೀಲಾ ಟೀಚರ್. ಅವರ ಕನ್ನಡಕ್ಕೆ ಸದಾ ಮಲಯಾಳದ ಒಗ್ಗರಣೆ. ಮಗನನ್ನು ಕರೆದಂತೆ “ಮೋನೇ, ಸ್ವರ ಅಲ್ಲಿ ಅಲ್ಲ, ಇಲ್ಲಿ,” ಎಂದು ಗಾಳಿಯಲ್ಲಿ ಒಂದು ಜಾಗ ತೋರಿಸುತ್ತಿದ್ದರು. ನಾನು ಆ ಜಾಗವನ್ನು ನೋಡುತ್ತಿದ್ದೆ, ಸ್ವರ ಹೋಗುತ್ತಿರಲಿಲ್ಲ. ಮೂವತ್ತು ಬೆಂಚುಗಳ ಕ್ಲಾಸಿನಲ್ಲಿ ನಾವಿಬ್ಬರೇ. ಹೊರಗೆ ಬಸ್ಸು ಹೋದ ಸದ್ದು ಕೇಳಿದಾಗ, ಇಡೀ ಜಿಲ್ಲೆ ನನ್ನನ್ನು ಬಿಟ್ಟು ಹೋದಂತೆ ಅಳು ಬರುತ್ತಿತ್ತು. ಟೀಚರ್ ಅದನ್ನು ಭಾವ ಎಂದು ತಿಳಿದು ಮೆಚ್ಚಿದ್ದೂ ಉಂಟು.

“ಮನೆಯಲ್ಲಿ ಶ್ರುತಿ ಇಲ್ಲದೆ ಅಭ್ಯಾಸ ಮಾಡಿದರೆ ಹೀಗೇ,” ಎಂದರು ಒಮ್ಮೆ. “ಟೇಪ್ ತಾ. ಪೆಟ್ಟಿಗೆಯ ಶ್ರುತಿ ತುಂಬಿಸಿ ಕೊಡುತ್ತೇನೆ.”

ಟೇಪ್ ರೆಕಾರ್ಡರ್ ನಮ್ಮಲ್ಲಿತ್ತು, ಪಪ್ಪ ಗಲ್ಫಿನಿಂದ ತಂದದ್ದು. ಕ್ಯಾಸೆಟ್ ಮಾತ್ರ ಒಂದೇ. ಆಗ ಫೋನು ಇಲ್ಲದ ನಮ್ಮಂಥ ಮನೆಗಳಲ್ಲಿ ಕ್ಯಾಸೆಟ್ಟೇ ಕಾಗದ. ರಜೆಯಲ್ಲಿ ಊರಿಗೆ ಬರುವವರ ಕೈಯಲ್ಲಿ ಪಪ್ಪ ಒಂದು ಮಗ್ಗುಲು ಮಾತಾಡಿ ಕಳಿಸುತ್ತಿದ್ದರು. ರಜೆ ಮುಗಿಸಿ ಯಾರಾದರೂ ಆ ಕಡೆ ಹೋಗುವಾಗ ಇನ್ನೊಂದು ಮಗ್ಗುಲಲ್ಲಿ ನಾವು ಮಾತಾಡಿ ಕಳಿಸಬೇಕು. ಪ್ರತಿ ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ಊಟವಾದ ಮೇಲೆ ಅಮ್ಮ ಪಪ್ಪನನ್ನು ಹಾಕುತ್ತಿದ್ದಳು. “ಹಲೋ, ಹಲೋ. ನಾನಿಲ್ಲಿ ಸೌಖ್ಯ...” ಎಂದು ಶುರು. ಮುಂದೆ ನಾಯಿಗೆ ಇಂಜೆಕ್ಷನ್ ಆಯಿತಾ, ಬಾವಿಯ ಹಗ್ಗ ಬದಲಿಸಿದಿರಾ, ಮಗ ಲೆಕ್ಕ ಕಲಿಯುತ್ತಾನಾ. ಲೆಕ್ಕದ ಮಾತು ಬಂದೊಡನೆ ನಾನು ಹಿತ್ತಿಲಿಗೆ ಎದ್ದು ಹೋಗುತ್ತಿದ್ದೆ. ಅಮ್ಮ ಮಾತ್ರ ಕೊನೆಯ ತನಕ ಕೂರುತ್ತಿದ್ದಳು.

ಖಾಲಿ ಮಗ್ಗುಲಲ್ಲಿ ಶ್ರುತಿ ತುಂಬಿಸಿ, ನಮ್ಮ ಉತ್ತರ ಕಳಿಸುವ ಹೊತ್ತಿಗೆ ಅಳಿಸಿದರಾಯಿತೆಂದು ಒಂದು ಮಂಗಳವಾರ ಎಲ್ಲವನ್ನೂ ಹೊತ್ತುಕೊಂಡು ಹೋದೆ. ಕ್ಯಾಸೆಟ್ಟನ್ನು ಜಾಗ್ರತೆಯಿಂದ ತಿರುಗಿಸಿ ಹಾಕಿದೆ. ಟೀಚರ್ ಪೆಟ್ಟಿಗೆ ಒತ್ತತೊಡಗಿದರು. ಮಾತಾಡಿದರೆ ಅದೂ ತುಂಬುತ್ತದಲ್ಲ, ಅರ್ಧ ಗಂಟೆ ಇಬ್ಬರೂ ಮೂಕರಂತೆ ಮುಖ ನೋಡಿಕೊಂಡು ಕೂತೆವು. ಕೈ ಸೋತಾಗ ಅವರು ಕಣ್ಣಲ್ಲೇ ಕರೆದರು, ನಾನು ಒತ್ತಿದೆ. ನಡುವೆ ನನಗೊಂದು ಸೀನು ಬಂತು. ಟೀಚರ್ ಹಣೆ ಚಚ್ಚಿಕೊಂಡರು, ಅದೂ ಸದ್ದಾಗದಂತೆ. ನಿಜ ಹೇಳಬೇಕೆಂದರೆ, ಆ ವರ್ಷ ನಾನು ಒಂಟಿ ಅನ್ನಿಸದ ಅರ್ಧ ಗಂಟೆ ಅದೊಂದೇ.

ಆದಿತ್ಯವಾರ ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಟೇಪ್ ಒತ್ತಿದಳು. ಞಂ ಎಂದಿತು. ಹಿಂದೆ ಸುತ್ತಿದಳು, ಮುಂದೆ ಸುತ್ತಿದಳು. ಞಂ. ಕಡೆಗೆ ಒಂದು ಸೀನು ಕೇಳಿಸಿತು.

“ಇದು ನಿನ್ನದಲ್ವಾ?” ಎಂದಳು.

ಉತ್ತರ ತುಂಬಿಸಲು ತಯಾರಿರಲಿ ಎಂದು ಅವಳೇ ಖಾಲಿ ಮಗ್ಗುಲು ಬರುವಂತೆ ಕ್ಯಾಸೆಟ್ಟನ್ನು ಮೊದಲೇ ತಿರುಗಿಸಿ ಇಟ್ಟಿದ್ದಳಂತೆ. ಜಾಗ್ರತೆಯ ಮೇಲೆ ಜಾಗ್ರತೆ ಮಾಡಿ ನಾನು ಪಪ್ಪನನ್ನೇ ಅಳಿಸಿದ್ದೆ. ಪಪ್ಪನ ಗುರುತಿನವರು ಇನ್ನು ರಜೆಗೆ ಬರುವುದು ಮುಂದಿನ ವರ್ಷ. ಬೈದಿದ್ದರೆ ತೊಂದರೆ ಇರಲಿಲ್ಲ. ಅವಳು ಎದ್ದು ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಆಮೇಲಿನ ಆದಿತ್ಯವಾರಗಳಲ್ಲಿ ಊಟವಾದ ಮೇಲೆ ನಮ್ಮಿಬ್ಬರಿಗೂ ಎಂತ ಮಾಡುವುದೆಂದೇ ತಿಳಿಯುತ್ತಿರಲಿಲ್ಲ.

ಅಷ್ಟು ದುಬಾರಿಯ ಶ್ರುತಿಯಿಂದ ಆದದ್ದೇನು? ಕಲೋತ್ಸವದ ಹಿಂದಿನ ವಾರ ನನ್ನ ಗಂಟಲು ಒಡೆದು ಸ್ವರ ಗಂಡಸಿನದಾಗತೊಡಗಿತು. ವೇದಿಕೆಯಲ್ಲಿ ಮೇಲಿನ ಷಡ್ಜಕ್ಕೆ ಹೋದವನು ಅಲ್ಲಿಂದ ಯಾರೋ ತಳ್ಳಿದ ಹಾಗೆ ಕೆಳಗೆ ಬಿದ್ದೆ. ಮುಂದಿನ ಸಾಲಿನಲ್ಲಿದ್ದ ಒಂದು ಮಗು ಹೆದರಿ ಅತ್ತಿತು. ಟೀಚರ್ ಬೆನ್ನು ತಟ್ಟಿ, “ಸಾರಮಿಲ್ಲ ಮೋನೇ, ಪರವಾಗಿಲ್ಲ, ಇದು ದೇವರ ಕೆಲಸ, ನಿನ್ನ ತಪ್ಪಲ್ಲ,” ಎಂದರು. ಗ್ರೇಸ್ ಮಾರ್ಕೂ ಹೋಯಿತು, ಸಂಗೀತವೂ ಹೋಯಿತು. ಲೆಕ್ಕ ಮಾತ್ರ ಹಾಗೇ ಉಳಿಯಿತು.

ಆ ಸಂಜೆ ಮನೆಗೆ ಬಂದರೆ ಬಾಗಿಲು ಹಾಕಿತ್ತು. “ಬಾಗಿಲು ತೆಗಿ,” ಎಂದು ಕೂಗಿದೆ. ಒಳಗಿನಿಂದ ಅಮ್ಮ ಓಡಿಬಂದ ರೀತಿಯನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಒಂದು ಕೈಯಲ್ಲಿ ಸೌಟು, ಮುಖದಲ್ಲಿ ಹದಿನೆಂಟರ ಹುಡುಗಿಯ ನಗು. “ಯಾವಾಗ ಬಂದದ್ದು? ಹೇಳಲೇ ಇಲ್ಲ!” ಎನ್ನುತ್ತ ಬಾಗಿಲು ತೆರೆದವಳು ನನ್ನನ್ನು ನೋಡಿ ನಿಂತುಬಿಟ್ಟಳು. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು.

“ನಾನಮ್ಮ,” ಎಂದೆ. ಆ ಸ್ವರ ನನಗೇ ಪರಿಚಯವಿರಲಿಲ್ಲ. ಅವಳಿಗಿತ್ತು.

ಮುಂದಿನ ಆದಿತ್ಯವಾರ ಊಟವಾದ ಮೇಲೆ ಅವಳೇ ಟೇಪ್ ತಂದಿಟ್ಟಳು. ಞಂ ಎಂದು ಶ್ರುತಿ ಹಿಡಿಯಿತು. “ಪಪ್ಪ ಹೇಳಿದ್ದು ನಿನಗೆ ಬಾಯಿಪಾಠ ಉಂಟಲ್ಲ, ಒಮ್ಮೆ ಹೇಳು,” ಎಂದು ಗೋಡೆಯ ಕಡೆ ತಿರುಗಿ ಕೂತಳು. ನಾಚಿಕೆಯಾದರೂ ಶುರುಮಾಡಿದೆ. “ಹಲೋ, ಹಲೋ. ನಾನಿಲ್ಲಿ ಸೌಖ್ಯ...” ನಾಯಿ, ಬಾವಿಯ ಹಗ್ಗ, ಮಗನ ಲೆಕ್ಕ ಎಲ್ಲ ಹೇಳಿದೆ. ಆರು ತಿಂಗಳಲ್ಲಿ ಮೊದಲ ಸಲ ನನ್ನ ಸ್ವರ ಟೀಚರ್ ತೋರಿಸಿದ ಜಾಗಕ್ಕೆ ಹೋಗಿ ಕೂತಿತ್ತು. ಹೆಮ್ಮೆಯಿಂದ ನಿಲ್ಲಿಸಿದೆ.

ಅಮ್ಮ ತಿರುಗಲಿಲ್ಲ. “ಲೆಕ್ಕದ ಮಾತಾದ ಮೇಲೆ ಇನ್ನೂ ಉಂಟಲ್ಲ,” ಎಂದಳು.

“ಎಂತ ಉಂಟು?”

ಅವಳು ಹೇಳಲಿಲ್ಲ. ನನ್ನ ಸ್ವರದಲ್ಲಿ ಹೇಳಿಸುವ ಮಾತು ಅದಾಗಿರಲಿಕ್ಕಿಲ್ಲ. ಟೇಪಿನಲ್ಲಿ ನನ್ನ ಸೀನು ಬರುವವರೆಗೂ ಇಬ್ಬರೂ ಶ್ರುತಿ ಕೇಳಿದೆವು. ಈಗಲೂ ಯಾರಾದರೂ ನನಗೆ ಸಂಗೀತದ ಒಳ್ಳೆಯ ಕಿವಿ ಉಂಟು ಎಂದು ಹೊಗಳಿದರೆ ನಾನು ಬೇಗ ಮಾತು ಬದಲಿಸುತ್ತೇನೆ. ಅಷ್ಟು ಆದಿತ್ಯವಾರಗಳಲ್ಲಿ ಒಂದು ದಿನವೂ ನಾನು ಪಪ್ಪನನ್ನು ಕೊನೆಯ ತನಕ ಕೇಳಿರಲಿಲ್ಲ.